ರುಮಾಲಿನಿಂದ ಚಮ್ಮಾವುಗೆಯವರೆಗೆ

ಬಸವ ಜಯಂತಿಯ ಮೆರವಣಿಗೆಗಳಲ್ಲಿ ಈಚಿನ ವರ್ಷಗಳಲ್ಲಿ ಒಂದು ಶುಭ ಪರಿವರ್ತನೆಯನ್ನು ಕಾಣುತ್ತಿದ್ದೇವೆ. ಬಸವಣ್ಣನವರ ಭಾವಚಿತ್ರದೊಡನೆ ಹರಳಯ್ಯ, ಕಕ್ಕಯ್ಯ, ಮಾಚಯ್ಯ ಮೊದಲಾದ ಕಾಯಕಜೀವಿ ಶರಣರ ಭಾವಚಿತ್ರಗಳೂ ಹೊರಡುತ್ತವೆ. ದಿನವೂ ಪ್ಯಾಂಟು ಶರ್ಟುಗಳಲ್ಲಿ ಓಡಾಡುವ ನಮ್ಮ ತರುಣರು ಅಂದು ಕಚ್ಚೆಹಾಕಿ ಧೋತರ ಉಡುತ್ತಾರೆ, ತಲೆಗೆ ರುಮಾಲು ಸುತ್ತುತ್ತಾರೆ, ಹೆಗಲ ಮೇಲೆ ಶಲ್ಯ ಹೊದೆಯುತ್ತಾರೆ. ಅಜ್ಜಂದಿರ ಉಡುಪು ಮೊಮ್ಮಕ್ಕಳ ಮೈಮೇಲೆ ಶೋಭಿಸುವುದನ್ನು ಕಂಡು ಸಂತೋಷಪಡದವರಾರು?

ಆದರೆ ಆ ತರುಣರ ಪಾದಗಳ ಕಡೆಗೆ ಕಣ್ಣು ಹಾಯಿಸಿದರೆ ಅಲ್ಲಿ ಕಾಣುವುದು ಬಹುಮಟ್ಟಿಗೆ ರಬ್ಬರು, ಪ್ಲಾಸ್ಟಿಕ್ಕುಗಳ ಪಾದರಕ್ಷೆ. ಅಜ್ಜನ ಉಡುಪು ಮೊಮ್ಮಗನ ಕಣಕಾಲಿನವರೆಗೆ ಬಂದು ಅಲ್ಲಿಗೇ ನಿಂತುಬಿಟ್ಟಿದೆ. ಇದು ಕೇವಲ ಉಡುಪಿನ ಮಾತಾಗಿದ್ದರೆ ನಾವು ಇಷ್ಟು ಪುಟಗಳನ್ನು ಇದಕ್ಕಾಗಿ ವ್ಯಯಿಸುತ್ತಿರಲಿಲ್ಲ. ಉಡುಪು ನಿಂತ ಸ್ಥಳದಲ್ಲಿಯೇ ನಮ್ಮ ಕಾಯಕ ಸಿದ್ಧಾಂತವೂ ನಿಂತಿದೆಯೇನೋ ಎಂಬ ಶಂಕೆ ನಮ್ಮದು. ಆದ್ದರಿಂದ ಈ ವಿಷಯವನ್ನು ವಾಚಕ ಬಂಧುಗಳ ಮುಂದಿಡುತ್ತಿದ್ದೇವೆ.

ಹಿರಿಯರ ಉಡುಪಿನ ನೀತಿ

ಬೆಳಗಾವಿ, ಧಾರವಾಡ, ವಿಜಯಪುರ, ಬಾಗಲಕೋಟೆ ಸೀಮೆಯ ಗೃಹಸ್ಥರ ಉಡುಪನ್ನು ಒಮ್ಮೆ ಜ್ಞಾಪಿಸಿಕೊಳ್ಳೋಣ. ಎಂಟರಿಂದ ಹತ್ತು ಮೊಳದ ಬಿಳಿಯ ಧೋತರ, ತುಂಬುತೋಳಿನ ಸಡಿಲವಾದ ಅಂಗಿ, ತಲೆಗೆ ಪಟಗ ಅಥವಾ ರುಮಾಲು, ಹೆಗಲಿಗೆ ಒಂದು ವಸ್ತ್ರ, ಕಾಲಿಗೆ ದಪ್ಪ ಅಟ್ಟೆಯ ತೊಗಲಿನ ಚಪ್ಪಲಿ. ಓದಿದವರು, ವಕೀಲರು, ಶಿಕ್ಷಕರು ಇದರ ಮೇಲೆ ಒಂದು ಕೋಟು ತೊಡುತ್ತಿದ್ದರು. ವಚನ ಪಿತಾಮಹ ಡಾ. ಫ.ಗು. ಹಳಕಟ್ಟಿಯವರ (1880–1964) ಭಾವಚಿತ್ರವನ್ನು ನೋಡಿದವರಿಗೆ ಆ ಕೋಟು ರುಮಾಲುಗಳ ಗಾಂಭೀರ್ಯವನ್ನು ನಾವು ಬಣ್ಣಿಸಬೇಕಾಗಿಲ್ಲ. ತಮ್ಮ ಸಂಪಾದನೆಯನ್ನೆಲ್ಲ ವಚನ ಪ್ರಕಟಣೆಗೆ ಸುರಿದ ಆ ಮಹನೀಯರ ಉಡುಪಿನಲ್ಲಿ ಆಡಂಬರವಿರಲಿಲ್ಲ, ಅಚ್ಚುಕಟ್ಟುತನವಿತ್ತು.

ಈ ಉಡುಪು ಇಂದಿಗೂ ಸುಂದರವಾಗಿ ತೋರುವುದೇಕೆ? ಮೊದಲನೆಯದು, ಅದು ನಾಡಿನ ಹವೆಗೆ ಒಪ್ಪುವಂಥದು. ಬಿಸಿಲು ನಾಡಿನಲ್ಲಿ ಮೈಗೂ ಬಟ್ಟೆಗೂ ನಡುವೆ ಗಾಳಿಯಾಡಬೇಕು, ಎರೆಭೂಮಿಯ ಹಾದಿಯಲ್ಲಿ ಅಂಗಾಲಿಗೆ ಮುಳ್ಳು ತಾಗದಂತಿರಬೇಕು. ಎರಡನೆಯದು, ಅದು ದುರಸ್ತಿಗೆ ಒಗ್ಗುವಂಥದು. ಧೋತರ ಹಳತಾದರೆ ತೊಟ್ಟಿಲಿನ ಬಟ್ಟೆಯಾಗುತ್ತಿತ್ತು, ಅದೂ ಸವೆದರೆ ಕೌದಿಯೊಳಗೆ ಸೇರುತ್ತಿತ್ತು. ಚಪ್ಪಲಿಯ ಅಟ್ಟೆ ಸವೆದರೆ ಹೊಸ ಅಟ್ಟೆ ಹಾಕಿಸುತ್ತಿದ್ದರು, ಬಾರು ಹರಿದರೆ ಬಾರು ಕಟ್ಟಿಸುತ್ತಿದ್ದರು. ಮೂರನೆಯದು, ಅದನ್ನು ಮಾಡಿದವರ ಗುರುತು ಉಟ್ಟವರಿಗಿತ್ತು. ನೂಲು ಯಾರದು, ಮಗ್ಗ ಯಾರದು, ಹೊಲಿಗೆ ಯಾರದು, ಚಪ್ಪಲಿ ಯಾರದು ಎಂಬುದನ್ನು ಊರಿನವರು ಬಲ್ಲವರಾಗಿದ್ದರು.

ಉತ್ತಮ ಉಡುಪಿನ ಈ ನೀತಿ ನಮ್ಮ ನಾಡಿಗೆ ಮಾತ್ರ ಮೀಸಲಲ್ಲ. ಇಂಗ್ಲೆಂಡಿನ ನಾರ್ಥಾಂಪ್ಟನ್ ಎಂಬ ಪಟ್ಟಣ ಬಹುಕಾಲದಿಂದ ಗಂಡಸರ ಬೂಟುಗಳಿಗೆ ಪ್ರಸಿದ್ಧವಾಗಿದೆ. ಅಲ್ಲಿಯ ಒಳ್ಳೆಯ ಬೂಟಿನಲ್ಲಿ ಮೇಲಿನ ತೊಗಲಿಗೂ ಅಟ್ಟೆಗೂ ನಡುವೆ ಒಂದು ತೊಗಲಿನ ಪಟ್ಟಿಯನ್ನಿಟ್ಟು ಹೊಲಿಯುತ್ತಾರೆ. ಅಟ್ಟೆ ಸವೆದಾಗ ಆ ಹೊಲಿಗೆಯನ್ನು ಬಿಚ್ಚಿ ಹೊಸದನ್ನು ಹೊಲಿಯಬಹುದು, ಬೂಟನ್ನು ಬಿಸಾಡಬೇಕಾಗಿಲ್ಲ. ನಮ್ಮ ಮಕ್ಕಳು ಬೆಂಗಳೂರು ಪುಣೆಗಳಲ್ಲಿ ಉದ್ಯೋಗಕ್ಕೆ ಸೇರಿ ಅಂಥ ಬೂಟುಗಳನ್ನು ಬೆಲೆಕೊಟ್ಟು ಕೊಳ್ಳುವುದಾದರೆ ನಾವು ಅದನ್ನು ಆಕ್ಷೇಪಿಸುವುದಿಲ್ಲ. ಒಳ್ಳೆಯ ಕೈಗೆಲಸವನ್ನು ಗುರುತಿಸುವ ಕಣ್ಣು ಅವರಿಗೆ ಬಂದಿದೆ ಎಂದೇ ತಿಳಿಯುತ್ತೇವೆ. ಆ ಕಣ್ಣು ಅಥಣಿ, ನಿಪ್ಪಾಣಿಗಳ ಓಣಿಗಳ ಕಡೆಗೂ ಒಮ್ಮೆ ಹೊರಳಲಿ ಎಂಬುದಷ್ಟೇ ನಮ್ಮ ಅಪೇಕ್ಷೆ.

ಅಡಿಯಿಂದ ಮುಡಿಯವರೆಗೆ ಶರಣರು

ಹನ್ನೆರಡನೆಯ ಶತಮಾನದ ಶರಣರ ಹೆಸರುಗಳನ್ನು ಈ ದೃಷ್ಟಿಯಿಂದ ನೋಡಿದರೆ ಒಂದು ಸೋಜಿಗ ಕಾಣುತ್ತದೆ. ನೂಲು ತೆಗೆದವರು ಕದಿರ ರೆಮ್ಮವ್ವೆ. ಬಟ್ಟೆ ನೇಯ್ದವರು, ಬಸವಣ್ಣನವರಿಗಿಂತ ಹಿಂದಿನವರಾದ ಜೇಡರ ದಾಸಿಮಯ್ಯನವರು. ಬಟ್ಟೆ ಹೊಲಿದವರು ಸೂಜಿಕಾಯಕದ ರಾಮಿತಂದೆ. ಮಡಿ ಮಾಡಿದವರು ಮಡಿವಾಳ ಮಾಚಿದೇವರು. ತೊಗಲನ್ನು ಹದಮಾಡಿದವರು ಡೋಹರ ಕಕ್ಕಯ್ಯನವರು. ಪಾದರಕ್ಷೆ ಹೊಲಿದವರು ಸಮಗಾರ ಹರಳಯ್ಯನವರು, ಮಾದಾರ ಧೂಳಯ್ಯನವರು. ಉಡುಪು ತೊಟ್ಟು ನಿಂತ ಒಬ್ಬ ಗೃಹಸ್ಥನ ಅಡಿಯಿಂದ ಮುಡಿಯವರೆಗೆ ಶರಣರ ಕಾಯಕವೇ ವ್ಯಾಪಿಸಿದೆ.

ಈ ಸಾಲಿನಲ್ಲಿ ನೂಲುವವರನ್ನೂ ನೇಯುವವರನ್ನೂ ಹೊಲಿಯುವವರನ್ನೂ ನಮ್ಮ ಸಮಾಜ ಸುಲಭವಾಗಿ ಒಪ್ಪಿಕೊಂಡಿತು. ಮಗ್ಗದ ಮನೆಗಳು ನಮ್ಮ ನೆಂಟರ ಮನೆಗಳೂ ಆದವು. ಸೂಜಿ ಹಿಡಿಯುವುದು ಯಾವ ಮನೆಯ ಹುಡುಗನಿಗೂ ಅವಮಾನವೆನಿಸಲಿಲ್ಲ. ಆದರೆ ತೊಗಲಿಗೆ ಬಂದಾಗ ನಮ್ಮ ಸಮತೆ ಹಿಂದೇಟು ಹಾಕಿತು. ಹರಳಯ್ಯನವರ ಚಿತ್ರ ಮಠದ ಗೋಡೆಯ ಮೇಲೆ ಬಂದಿತು, ಹರಳಯ್ಯನವರ ಉಳಿ ನಮ್ಮ ಹೊಸ್ತಿಲು ದಾಟಿ ಒಳಗೆ ಬರಲಿಲ್ಲ.

ಬಸವಣ್ಣನವರು ಮಾಡಿದ್ದು ಹೀಗಲ್ಲ. ಮಾದಾರ ಚೆನ್ನಯ್ಯನನ್ನೂ ಡೋಹರ ಕಕ್ಕಯ್ಯನನ್ನೂ ತಮ್ಮ ಮನೆಯ ಹಿರಿಯರ ಸ್ಥಾನದಲ್ಲಿಟ್ಟು ಅವರು ವಚನಗಳಲ್ಲಿ ಹೇಳಿಕೊಂಡಿರುವುದನ್ನು ವಾಚಕರು ಬಲ್ಲರು. ಹರಳಯ್ಯನವರ ಐತಿಹ್ಯವೂ ಎಲ್ಲರಿಗೂ ತಿಳಿದುದೇ. ದಾರಿಯಲ್ಲಿ ಎದುರಾದ ಬಸವಣ್ಣನವರಿಗೆ ಹರಳಯ್ಯನವರು ಶರಣೆಂದರು. ಬಸವಣ್ಣನವರು ಮರಳಿ ಶರಣು ಶರಣಾರ್ಥಿಯೆಂದರು. ತಾವು ಒಂದು ಶರಣು ಸಲ್ಲಿಸಿದರೆ ಎರಡು ಮರಳಿ ಬಂದವಲ್ಲ, ಈ ಹೊರೆಯನ್ನು ಇಳಿಸುವುದು ಹೇಗೆಂದು ಹರಳಯ್ಯ ಕಲ್ಯಾಣಮ್ಮ ದಂಪತಿಗಳು ತಮ್ಮ ತೊಡೆಯ ತೊಗಲಿನಿಂದ ಚಮ್ಮಾವುಗೆಗಳನ್ನು ಮಾಡಿ ಒಪ್ಪಿಸಿದರು. ಬಸವಣ್ಣನವರು ಅವುಗಳನ್ನು ಮೆಟ್ಟಲಿಲ್ಲ, ತಲೆಯ ಮೇಲೆ ಹೊತ್ತರು.

ಈ ಕಥೆಯನ್ನು ಪುರಾಣ ಪ್ರವಚನಗಳಲ್ಲಿ ಭಕ್ತಿಯ ಪರಾಕಾಷ್ಠೆಯೆಂದು ವರ್ಣಿಸುವುದುಂಟು. ಅದು ಸರಿಯೇ. ಅದರ ಜೊತೆಗೆ ಇನ್ನೊಂದು ಅರ್ಥವೂ ಅದರೊಳಗಿದೆ. ಪಾದದಲ್ಲಿರಬೇಕಾದ ವಸ್ತುವನ್ನು ತಲೆಯ ಮೇಲಿಟ್ಟುಕೊಂಡವರು, ಪಾದದ ಬಳಿ ಕೂರಿಸಲ್ಪಟ್ಟಿದ್ದ ಜನರನ್ನು ತಲೆಯ ಎತ್ತರಕ್ಕೆ ತಂದರು. ಮುಂದೆ ಹರಳಯ್ಯನವರ ಮಗನಿಗೂ ಮಧುವರಸರ ಮಗಳಿಗೂ ವಿವಾಹವಾದಾಗ ರಾಜಶಕ್ತಿ ಸಹಿಸಲಿಲ್ಲ. ಹರಳಯ್ಯ ಮಧುವರಸರು ಎಳೆಹೂಟೆಯ ಶಿಕ್ಷೆಗೆ ಗುರಿಯಾದರು. ಕಲ್ಯಾಣದ ಕ್ರಾಂತಿ ಹೊತ್ತಿದ್ದು ಆ ಮದುವೆಯ ಮನೆಯಿಂದ. ಬಸವಕಲ್ಯಾಣದಲ್ಲಿ ಹರಳಯ್ಯನವರ ಗವಿಯನ್ನು ಇಂದಿಗೂ ಭಕ್ತರು ದರ್ಶಿಸುತ್ತಾರೆ. ಅಲ್ಲಿ ತಲೆಬಾಗಿ ಬಂದವರು ತಮ್ಮ ಊರಿನ ಸಮಗಾರರ ಮನೆಯ ಕಟ್ಟೆಯ ಮೇಲೆ ಎಷ್ಟು ಸಲ ಕುಳಿತಿದ್ದಾರೆಂಬುದು ನಾವೆಲ್ಲರೂ ಕೇಳಿಕೊಳ್ಳಬೇಕಾದ ಪ್ರಶ್ನೆ.

ತೊಗಲು ಹದವಾಗುವ ಬಗೆ

ಗೌರವಿಸಬೇಕಾದರೆ ತಿಳಿದಿರಬೇಕು. ಚರ್ಮ ಕಾಯಕವೆಂದರೆ ರಸ್ತೆಯ ಬದಿಯಲ್ಲಿ ಹರಿದ ಚಪ್ಪಲಿಗೆ ಹೊಲಿಗೆ ಹಾಕುವುದೆಂದಷ್ಟೇ ತಿಳಿದವರು ಅನೇಕರಿದ್ದಾರೆ. ಅದರ ಹಿಂದೆ ಒಂದು ಶಾಸ್ತ್ರವೇ ಇದೆ.

ಹಸಿಯ ತೊಗಲು ಇದ್ದ ಹಾಗೆಯೇ ಬಿಟ್ಟರೆ ಕೊಳೆಯುತ್ತದೆ, ಒಣಗಿಸಿದರೆ ಹಲಗೆಯಂತೆ ಬಿರುಸಾಗುತ್ತದೆ. ಕೊಳೆಯದಂತೆ, ಬಾಗುವಂತೆ ಮಾಡುವ ಕ್ರಿಯೆಗೆ ಹದಮಾಡುವುದೆಂದು ಹೆಸರು. ಮೊದಲು ತೊಗಲನ್ನು ನೀರಿನಲ್ಲಿ ನೆನೆಸಿ, ಬಳಿಕ ಸುಣ್ಣದ ನೀರಿನಲ್ಲಿ ದಿನಗಟ್ಟಲೆ ಇಡುತ್ತಾರೆ. ಸುಣ್ಣ ಕೂದಲಿನ ಬೇರನ್ನು ಸಡಿಲಿಸುತ್ತದೆ. ಕೂದಲನ್ನೂ ಒಳಬದಿಗೆ ಅಂಟಿದ ಮಾಂಸವನ್ನೂ ಹೆರೆದು ತೆಗೆದು, ಸುಣ್ಣ ಹೋಗುವವರೆಗೆ ತೊಳೆಯುತ್ತಾರೆ. ಅನಂತರ ಬರುವುದು ತೊಗಟೆಯ ಸಂಸ್ಕಾರ. ಜಾಲಿಯ ತೊಗಟೆ, ಅಳಲೆಕಾಯಿ, ನಮ್ಮ ಬಯಲುಗಳಲ್ಲಿ ಹಳದಿ ಹೂ ಬಿಡುವ ತಂಗಡಿ ಗಿಡದ ತೊಗಟೆ, ಇವುಗಳಲ್ಲಿ ಒಂದು ಬಗೆಯ ಒಗರಿದೆ. ಅಳಲೆಕಾಯಿಯನ್ನು ಬಾಯಿಗಿಟ್ಟುಕೊಂಡಾಗ ನಾಲಿಗೆ ಬಿಗಿದುಕೊಳ್ಳುತ್ತದೆಯಷ್ಟೆ. ಅದೇ ಒಗರು ತೊಗಲಿನ ನಾರುಗಳನ್ನು ಸೇರಿ ಬಿಗಿಯುತ್ತದೆ. ಹಾಗೆ ಬಿಗಿದ ನಾರು ಸುಲಭವಾಗಿ ಕೊಳೆಯುವುದಿಲ್ಲ.

ಕೊಲ್ಹಾಪುರ ಸೀಮೆಯಲ್ಲಿ ಇದಕ್ಕೊಂದು ವಿಶಿಷ್ಟ ವಿಧಾನವಿತ್ತು. ತೊಗಲನ್ನೇ ಚೀಲದಂತೆ ಹೊಲಿದು, ಅದರೊಳಗೆ ತೊಗಟೆಯನ್ನೂ ನೀರನ್ನೂ ತುಂಬಿ ತೂಗುಹಾಕುತ್ತಿದ್ದರು. ಒಗರಿನ ನೀರು ತೊಗಲಿನ ಮೂಲಕವೇ ಜಿನುಗಿ ಹೊರಬರುತ್ತಿತ್ತು. ಕೆಳಗೆ ಸೇರಿದ ನೀರನ್ನು ಮತ್ತೆ ಮೇಲೆ ಹೊಯ್ಯುತ್ತಿದ್ದರು. ಹೀಗೆ ವಾರಗಟ್ಟಲೆ ಕಾಯಬೇಕು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪಾಶ್ಚಾತ್ಯರು ಕ್ರೋಮಿಯಂ ಲವಣದಿಂದ ಹದಮಾಡುವ ಕ್ರಮವನ್ನು ಬಳಕೆಗೆ ತಂದರು. ವಾರಗಳ ಕೆಲಸ ಅದರಿಂದ ದಿನದೊಳಗೆ ಮುಗಿಯತೊಡಗಿತು. ಇಂದು ಜಗತ್ತಿನ ತೊಗಲಿನ ಬಹುಪಾಲು ಆ ಕ್ರಮದಲ್ಲಿಯೇ ಹದವಾಗುತ್ತದೆ. ತೊಗಟೆಯ ತೊಗಲಾದರೋ ಮೊದಲು ಬಿರುಸಾಗಿ, ತೊಟ್ಟವನ ಪಾದದ ಅಚ್ಚನ್ನು ಕ್ರಮೇಣ ತನ್ನೊಳಗೆ ಇಳಿಸಿಕೊಳ್ಳುತ್ತದೆ. ಅದರ ಬಣ್ಣ ವರ್ಷಗಳು ಕಳೆದಂತೆ ಗಾಢವಾಗುತ್ತದೆ.

ಒಂದು ಜೊತೆಯ ಹಿಂದಿನ ಕೈಗಳು

ಕೊಲ್ಹಾಪುರಿ ಎಂಬ ಹೆಸರಿನಿಂದ ಜಗತ್ತು ಬಲ್ಲ ಚಪ್ಪಲಿ ಕೊಲ್ಹಾಪುರದ್ದು ಮಾತ್ರವಲ್ಲ. ಹಿಂದೆ ಅದಕ್ಕೆ ಕಾಪಶಿ, ಪಾಯತಾಣ, ಕಚಕಡಿ, ಬಕ್ಕಲನಾಳಿ, ಪುಕರಿ ಎಂದು ಬೇರೆ ಬೇರೆ ಹೆಸರುಗಳಿದ್ದವು. 1894ರಿಂದ 1922ರವರೆಗೆ ಆಳಿದ ಛತ್ರಪತಿ ಶಾಹೂ ಮಹಾರಾಜರು ಈ ಕಸುಬಿಗೆ ವಿಶೇಷ ಪ್ರೋತ್ಸಾಹ ನೀಡಿದರು. 2019ರಲ್ಲಿ ಇದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಾಗ ಎಂಟು ಜಿಲ್ಲೆಗಳ ಹೆಸರು ಅದರಲ್ಲಿ ಸೇರಿತು. ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗ್ಲಿ, ಸಾತಾರಾ, ಸೋಲಾಪುರ ಮತ್ತು ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ. ಈ ಕಸುಬಿನ ಮೂಲವನ್ನು ಬಿಜ್ಜಳನ ಕಾಲಕ್ಕೆ, ಬಸವಣ್ಣನವರ ಸಮತೆಯ ಪ್ರಯತ್ನಕ್ಕೆ ಜೋಡಿಸಿ ಹೇಳುವ ಪರಂಪರೆಯೂ ಉಂಟು.

ಚಪ್ಪಲಿ ಹೇಗಾಗುತ್ತದೆಂಬುದನ್ನು ನೋಡೋಣ. ಎಮ್ಮೆಯ ತೊಗಲಿನಲ್ಲಿ ಬೆನ್ನಿನ ಭಾಗ ದಪ್ಪ, ಅದರ ನಾರು ಬಿಗಿ. ಹೊಟ್ಟೆಯ ಭಾಗ ಸಡಿಲ, ಎಳೆದರೆ ಹಿಗ್ಗುತ್ತದೆ. ಅಟ್ಟೆಗೆ ಯಾವ ಭಾಗ, ಬಾರಿಗೆ ಯಾವ ಭಾಗ ಎಂಬುದನ್ನು ಕುಶಲಕರ್ಮಿ ಬೆರಳಿನಿಂದ ಮುಟ್ಟಿ ನಿರ್ಣಯಿಸುತ್ತಾನೆ. ಪಾದದ ಅಳತೆಗೆ ತೊಗಲನ್ನು ಕತ್ತರಿಸಿ, ನೆನೆಸಿ, ಕಲ್ಲಿನ ಮೇಲಿಟ್ಟು ಬಡಿಯುತ್ತಾನೆ. ಬಡಿತದಿಂದ ನಾರು ಒತ್ತಾಗಿ ಅಟ್ಟೆ ಬಾಳಿಕೆ ಬರುತ್ತದೆ. ಅಗಲ ಅಲಗಿನ ರಂಪಿಗೆಯಿಂದ ಅಂಚುಗಳನ್ನು ಹೆರೆದು ತೆಳುಮಾಡುತ್ತಾನೆ. ಮೇಲಿನ ಪಟ್ಟಿಯನ್ನು ಹಿಡಿಯಲು ಎರಡೂ ಬದಿಗೆ ಕಿವಿಗಳನ್ನು, ಹೆಬ್ಬೆರಳಿಗೆ ತೊಗಲಿನ ಉಂಗುರವನ್ನು ಕೂರಿಸುತ್ತಾನೆ. ಪದರಗಳನ್ನು ಉಳಿಯಿಂದ ಚುಚ್ಚಿ ತೊಗಲಿನದೇ ದಾರದಿಂದ ಹೊಲಿಯುತ್ತಾನೆ. ಸಾಂಪ್ರದಾಯಿಕ ಚಪ್ಪಲಿಯಲ್ಲಿ ಕಬ್ಬಿಣದ ಮೊಳೆಯೊಂದೂ ಇರುವುದಿಲ್ಲ. ತೂತು ದಾರಕ್ಕಿಂತ ತುಸು ಕಿರಿದಾಗಿರಬೇಕು, ಆಗ ಹೊಲಿಗೆ ತಾನಾಗಿ ಬಿಗಿಯುತ್ತದೆ.

ಆಡಿನ ತೆಳುತೊಗಲಿನ ಎಳೆಗಳನ್ನು ಜಡೆಯಂತೆ ಹೆಣೆಯುವುದು, ಅಂಚಿನ ಅಲಂಕಾರ, ಸೂಕ್ಷ್ಮವಾದ ಹೊಲಿಗೆ ಇವೆಲ್ಲ ಬಹುಮಟ್ಟಿಗೆ ಹೆಣ್ಣುಮಕ್ಕಳ ಕೈಯವು. ಅಥಣಿಯ ಮನೆಗಳಲ್ಲಿ ತಾಯಿಯಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ ಈ ವಿದ್ಯೆ ಇಳಿದು ಬಂದಿದೆ. ಗಂಡಸರ ಪಾದದ ಮೇಲಿನ ಶೋಭೆ ಹೆಂಗಸರ ಬೆರಳುಗಳಿಂದ ಹುಟ್ಟಿದ್ದು. ಹರಳಯ್ಯನವರ ಹೆಸರಿನೊಡನೆ ಕಲ್ಯಾಣಮ್ಮನವರ ಹೆಸರನ್ನು ಬಿಡದೆ ಹೇಳಬೇಕೆನ್ನುವುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಡ.

ಉಳಿಯ ಮೊನೆಯಲ್ಲಿಯೇ ಪರಶಿವನನ್ನು ಕಂಡ ಅನುಭಾವಿ ಮಾದಾರ ಧೂಳಯ್ಯನವರು. ಆ ಮಾತು ಬರಿಯ ಅಲಂಕಾರವಲ್ಲವೆಂಬುದು ಈ ಕೆಲಸವನ್ನು ಹತ್ತಿರದಿಂದ ನೋಡಿದವರಿಗೆ ಅರಿವಾಗುತ್ತದೆ. ಉಳಿ ಚುಚ್ಚುವಾಗ ಮನಸ್ಸು ಕೂದಲೆಳೆಯಷ್ಟು ಸರಿದರೂ ಹೊಲಿಗೆ ಸರಿಯುತ್ತದೆ, ಇಲ್ಲವೆ ಮೊನೆ ಬೆರಳಿಗಿಳಿಯುತ್ತದೆ. ನಮ್ಮಂಥವರು ಮಠದ ಪಾಠಶಾಲೆಯಲ್ಲಿ ಕುಳಿತು ವರ್ಷಗಳ ಕಾಲ ಅಭ್ಯಸಿಸಿದ ಏಕಾಗ್ರತೆಯನ್ನು ಆ ಓಣಿಯ ಹೆಣ್ಣುಮಗಳು ಅಡುಗೆ, ಮಕ್ಕಳು, ನೀರುನಿಡಿಗಳ ನಡುವೆ ದಿನವೂ ಸಾಧಿಸುತ್ತಾಳೆ.

ಮಿಲಾನಿನಿಂದ ಬಂದ ಪಾಠ

2025ರ ಜೂನ್ ತಿಂಗಳಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಪ್ರಾಡಾ ಎಂಬ ಸಂಸ್ಥೆ ಪುರುಷರ ಉಡುಪಿನ ಪ್ರದರ್ಶನವನ್ನು ಏರ್ಪಡಿಸಿತು. ಅಲ್ಲಿ ನಡೆದು ಬಂದ ತರುಣರ ಕಾಲಲ್ಲಿ ಕೊಲ್ಹಾಪುರಿಯನ್ನೇ ಹೋಲುವ ಚಪ್ಪಲಿಗಳಿದ್ದವು. ಭಾರತದ ಹೆಸರನ್ನು ಮೊದಲಿಗೆ ಅವರು ಎತ್ತಿರಲಿಲ್ಲ. ನಮ್ಮ ದೇಶದಲ್ಲಿ ಆಕ್ಷೇಪವೆದ್ದ ಮೇಲೆ ಇದಕ್ಕೆ ಭಾರತದ ಕರಕುಶಲವೇ ಪ್ರೇರಣೆಯೆಂದು ಆ ಸಂಸ್ಥೆ ಒಪ್ಪಿಕೊಂಡಿತು. ಅದೇ ವರ್ಷದ ಡಿಸೆಂಬರಿನಲ್ಲಿ ಮಹಾರಾಷ್ಟ್ರದ ಚರ್ಮೋದ್ಯೋಗ ನಿಗಮ ಮತ್ತು ನಮ್ಮ ರಾಜ್ಯದ ಡಾ. ಬಾಬು ಜಗಜೀವನ್ ರಾಂ ಚರ್ಮ ಕೈಗಾರಿಕಾ ಅಭಿವೃದ್ಧಿ ನಿಗಮ (ಲಿಡ್ಕರ್) ಇವುಗಳೊಡನೆ ಒಪ್ಪಂದವಾಗಿ, ಈ ಎರಡು ರಾಜ್ಯಗಳಲ್ಲಿ 2,000 ಜೊತೆಗಳನ್ನು ತಯಾರಿಸಿ ಜೊತೆಯೊಂದಕ್ಕೆ ಸುಮಾರು 800 ಯೂರೋಗಳಿಗೆ ಮಾರುವ ಯೋಜನೆ ಪ್ರಕಟವಾಯಿತು.

ಆಗ ನಮ್ಮವರಲ್ಲಿ ಅನೇಕರು ಪರದೇಶದವರು ನಮ್ಮ ಸ್ವತ್ತನ್ನು ಕದ್ದರೆಂದು ಕೋಪಗೊಂಡರು. ಕೋಪ ನ್ಯಾಯವಾದುದೇ. ಆದರೆ ಆ ಚಪ್ಪಲಿಯನ್ನು ನಮ್ಮ ಸ್ವತ್ತೆಂದು ಕರೆದುಕೊಳ್ಳುವ ಅಧಿಕಾರವನ್ನು ನಾವು ಎಷ್ಟರಮಟ್ಟಿಗೆ ಸಂಪಾದಿಸಿಕೊಂಡಿದ್ದೇವೆ? ಯಂತ್ರದಿಂದ ತಯಾರಾದ ಬೂಟಿನ ಅಂಗಡಿಯಲ್ಲಿ ಚೀಟಿಯ ಮೇಲಿನ ಬೆಲೆಯನ್ನು ಮರುಮಾತಾಡದೆ ಕೊಟ್ಟು ಬರುವವರು, ಸಂತೆಯಲ್ಲಿ ಕುಳಿತ ಸಮಗಾರರೊಡನೆ ಐವತ್ತು ರೂಪಾಯಿಗೆ ಅರ್ಧಗಂಟೆ ಚೌಕಾಸಿ ಮಾಡುತ್ತಾರೆ. ಅದೂ ಏಕವಚನದಲ್ಲಿ. ವಯಸ್ಸಿನಲ್ಲಿ ತಂದೆಯ ಸಮಾನರಾದವರನ್ನು ನಮ್ಮ ಮಕ್ಕಳು 'ಏ, ಇದಕ್ಕೆಷ್ಟೋ' ಎಂದು ಕೇಳುವುದನ್ನು ನಾವು ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳುತ್ತೇವೆ. ಒಂದು ಶರಣಿಗೆ ಎರಡು ಶರಣು ಮರಳಿಸಿದವರ ಅನುಯಾಯಿಗಳು ನಾವು!

ಮೂರು ಆಕ್ಷೇಪಗಳು

ಇಷ್ಟರಿಂದ ನಮ್ಮ ಮುಖ್ಯವಾದ ಮಾತಿಗೆ ಬರುತ್ತೇವೆ. ಕೊಳ್ಳುವುದು, ಗೌರವದಿಂದ ಮಾತನಾಡುವುದು, ಇವು ಮೊದಲ ಮೆಟ್ಟಿಲುಗಳು. ಅದರ ಮೇಲಿನ ಮೆಟ್ಟಿಲು ಕಲಿಯುವುದು. ಆಸಕ್ತಿಯಿರುವ ನಮ್ಮ ಮನೆಯ ಹುಡುಗ, ಹುಡುಗಿ, ಅಷ್ಟೇಕೆ, ನಿವೃತ್ತರಾದ ಗೃಹಸ್ಥರು ಕೂಡ ಚರ್ಮ ಕಾಯಕವನ್ನು ಅದನ್ನು ಬಲ್ಲವರ ಮನೆಗೆ ಹೋಗಿ, ಶಿಷ್ಯರಾಗಿ ಕುಳಿತು ಕಲಿಯಬೇಕು. ಇದನ್ನು ಹೇಳಿದಾಗ ಮೂರು ಆಕ್ಷೇಪಗಳು ಎದುರಾಗುವುದನ್ನು ನಾವು ಬಲ್ಲೆವು.

ಮೊದಲನೆಯದು ಹಿಂಸೆಯ ಆಕ್ಷೇಪ. ದಯೆಯೇ ಮೂಲವಾದ ಧರ್ಮದವರು ತೊಗಲನ್ನು ಮುಟ್ಟಬಹುದೇ? ಹಿಂದೆ ಹಳ್ಳಿಗಳಲ್ಲಿ ತಾನಾಗಿ ಸತ್ತ ದನಗಳ ತೊಗಲೇ ಹದಕ್ಕೆ ಬರುತ್ತಿತ್ತು. ಆ ದನಗಳನ್ನು ಹೊತ್ತು ಸಾಗಿಸುವ ಹೊರೆಯನ್ನೂ ಊರವರು ಅವರ ಮೇಲೆಯೇ ಹಾಕಿ, ಹೊತ್ತುದಕ್ಕಾಗಿ ಅವರನ್ನು ದೂರವಿಟ್ಟರು. ಇಂದು ಪೇಟೆಗೆ ಬರುವ ತೊಗಲಿನಲ್ಲಿ ಬಹಳಷ್ಟು ಮಾಂಸದ ವ್ಯವಹಾರದಿಂದಲೇ ಬರುವುದೆಂಬುದು ಸತ್ಯ. ತೊಗಲಿನ ವಸ್ತುವನ್ನೇ ಬಳಸೆನೆಂದು ವ್ರತ ತೊಟ್ಟವರಿದ್ದರೆ ಅವರ ನಿಷ್ಠೆಗೆ ನಾವು ತಲೆಬಾಗುತ್ತೇವೆ. ಆದರೆ ಸೊಂಟಕ್ಕೆ ತೊಗಲಿನ ಪಟ್ಟಿ, ಕಾಲಿಗೆ ತೊಗಲಿನ ಬೂಟು, ಕಿಸೆಯಲ್ಲಿ ತೊಗಲಿನ ಪಾಕೀಟು ಇಟ್ಟುಕೊಂಡವರು ಕಲಿಯುವ ಮಾತು ಬಂದಾಗ ಮಾತ್ರ ಅಹಿಂಸೆಯನ್ನು ಮುಂದುಮಾಡಿದರೆ, ಅದು ಅಹಿಂಸೆಯಲ್ಲ, ಮೈಲಿಗೆಯ ಭಾವನೆ.

ಎರಡನೆಯದು ಆ ಮೈಲಿಗೆಯ ಆಕ್ಷೇಪವೇ. ಇದಕ್ಕೆ ಉತ್ತರವನ್ನು ಶರಣರು ಎಂದೋ ಕೊಟ್ಟಿದ್ದಾರೆ. ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಎಂಬ ಐದು ಸೂತಕಗಳೂ ಲಿಂಗವಂತನಿಗಿಲ್ಲ. ಮಠದ ನಗಾರಿಗೆ ಬಿಗಿದಿರುವುದು ತೊಗಲು. ಭಜನೆಯ ತಬಲಕ್ಕೆ, ದಪ್ಪಿಗೆ ಬಿಗಿದಿರುವುದು ತೊಗಲು. ಅದರ ನಾದವನ್ನು ಗರ್ಭಗುಡಿಯ ಮುಂದೆ ಕೇಳಬಹುದಾದರೆ, ಅದನ್ನು ಬಿಗಿದವರ ಮನೆಯ ನೀರನ್ನು ಕುಡಿಯಲು ಅಡ್ಡಿಯೇನು?

ಮೂರನೆಯ ಆಕ್ಷೇಪ ಗಹನವಾದದ್ದು, ಸಜ್ಜನರಿಂದಲೇ ಬರುವಂಥದು. ಆ ಸಮುದಾಯದ ಮಕ್ಕಳೇ ಈ ಕಸುಬನ್ನು ಬಿಟ್ಟು ಓದಿ ಮುಂದೆ ಬರಲೆಂದು ನಾವೆಲ್ಲ ಹಾರೈಸುತ್ತಿರುವಾಗ, ಕಸುಬು ಉಳಿಯಲೆಂದು ಹೇಳುವುದು ಅವರನ್ನು ಮತ್ತೆ ಅಲ್ಲಿಯೇ ಕಟ್ಟಿಹಾಕಿದಂತಾಗದೇ? ಸುಣ್ಣದ ನೀರಿನಲ್ಲಿ ಕೈ ಬೆಂದವರು, ಬಗ್ಗಿ ಬಗ್ಗಿ ಬೆನ್ನು ಬಾಗಿದವರು, ತೊಗಲಿನ ವ್ಯಾಪಾರಿಯ ಸಾಲ ತೀರಿಸುವುದರಲ್ಲಿಯೇ ಆಯುಷ್ಯ ಕಳೆದವರು ತಮ್ಮ ಮಗ ಶಿಕ್ಷಕನಾಗಲಿ, ಮಗಳು ವೈದ್ಯಳಾಗಲಿ ಎಂದು ಬಯಸುವುದು ಅವರ ಹಕ್ಕು. ಆ ಮಗುವಿಗೆ ಕಸುಬು ಉಳಿಸುವ ಋಣವನ್ನು ಯಾರೂ ಹೊರಿಸಕೂಡದು.

ನಮ್ಮ ಪ್ರತಿಪಾದನೆಯ ತಿರುಳು ಇಲ್ಲಿಯೇ ಇದೆ. ಶರಣರು ಹೇಳಿದ ಕಾಯಕ ಹುಟ್ಟಿನಿಂದ ಬರುವುದಲ್ಲ, ಒಪ್ಪಿ ಕೈಕೊಳ್ಳುವುದು. ಕಾಯಕಗಳಲ್ಲಿ ಮೇಲು ಕೀಳಿಲ್ಲವೆಂದು ನಾವು ವೇದಿಕೆಗಳ ಮೇಲೆ ಎಷ್ಟು ಸಲ ಸಾರಿದರೂ, ಒಂದು ಕಾಯಕ ಒಂದೇ ಜಾತಿಯ ಓಣಿಯಲ್ಲಿ ಉಳಿದಿರುವವರೆಗೆ ಅದರ ಮೇಲಿನ ಜಾತಿಯ ಮುದ್ರೆ ಅಳಿಯುವುದಿಲ್ಲ. ಸಮಗಾರರ ಮಗ ನ್ಯಾಯಾಧೀಶನಾದರೆ ಅರ್ಧ ಮಾತ್ರ ಕೆಲಸವಾಯಿತು. ಅಂಗಡಿಕಾರನ ಮಗ, ಗೌಡರ ಮಗ, ಜಂಗಮರ ಮಗ ಉಳಿ ಹಿಡಿದು ಕುಳಿತ ದಿನ ಉಳಿದರ್ಧ ಪೂರ್ಣವಾಗುತ್ತದೆ. ಅಲ್ಲಿಯವರೆಗೆ ಹರಳಯ್ಯನವರಿಗೆ ನಾವು ಹಾಕುವ ಹಾರ ಹಾರ ಮಾತ್ರ.

ಕಲಿಯುವ ಕ್ರಮ

ಹಾಗಾದರೆ ಕಲಿಯಬೇಕೆನ್ನುವವರು ಏನು ಮಾಡಬೇಕು? ಚರ್ಮ ಕಸುಬಿನ ತರಬೇತಿಗೆ 1976ರಲ್ಲಿ ಸ್ಥಾಪಿತವಾದ ಲಿಡ್ಕರ್ ಇದೆ. ಚೆನ್ನೈಯಲ್ಲಿ 1948ರಿಂದ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ಇದೆ. ಶಾಸ್ತ್ರೀಯವಾಗಿ ಓದುವವರಿಗೆ ಅವು ಯೋಗ್ಯವಾದ ಸ್ಥಾನಗಳು. ಆದರೆ ಕೈಯ ವಿದ್ಯೆಗೆ ಕೈಯೇ ಗುರು. ಆದ್ದರಿಂದ ಬಲ್ಲವರ ಮನೆಯ ಬಾಗಿಲಿಗೆ ಹೋಗುವುದೇ ಉತ್ತಮ.

ಹೋಗುವಾಗ ಕೆಲವು ನಿಯಮಗಳಿರಲಿ. ಬಹುವಚನದಲ್ಲಿ ಮಾತನಾಡಿಸಬೇಕು. ಅಣ್ಣಾ, ಅಕ್ಕಾ, ಕಾಕಾ ಎಂದು ವಯಸ್ಸಿಗೆ ತಕ್ಕಂತೆ ಕರೆಯಬೇಕು. ಅವರು ಕೊಟ್ಟ ಚಹ, ರೊಟ್ಟಿಗಳನ್ನು ಪ್ರಸಾದವೆಂದು ಸ್ವೀಕರಿಸಬೇಕು. ಕಲಿಸುವ ಹೊತ್ತಿನಲ್ಲಿ ಅವರ ಸಂಪಾದನೆ ನಿಲ್ಲುತ್ತದೆ, ಆದ್ದರಿಂದ ದಿನದ ಕೂಲಿಗೆ ಕಡಿಮೆಯಾಗದಂತೆ ಗುರುದಕ್ಷಿಣೆಯನ್ನು ಮೊದಲೇ ಒಪ್ಪಿಸಬೇಕು. ಹಾಳಾಗುವ ತೊಗಲಿನ ಬೆಲೆಯನ್ನೂ ಶಿಷ್ಯನೇ ಹೊರಬೇಕು. ಕಲಿತ ಮೇಲೆ ಗುರುವಿನ ಎದುರು ಅಂಗಡಿ ತೆರೆದು ಅವರ ಗಿರಾಕಿಗಳನ್ನು ಸೆಳೆಯಕೂಡದು. ಮಾರುವ ಪ್ರಸಂಗ ಬಂದರೆ ಗುರುವಿನ ಹೆಸರು ಮುಂದಿರಬೇಕು, ಲಾಭದಲ್ಲಿ ಅವರ ಪಾಲಿರಬೇಕು. ವಿದ್ಯೆಯ ಹೆಸರಿನಲ್ಲಿ ಅನ್ನ ಕಸಿಯುವುದು ಕಾಯಕವಲ್ಲ.

ಮೊದಲಿಗೆ ಚಪ್ಪಲಿಗೆ ಕೈಹಾಕಬಾರದು. ತೊಗಲನ್ನು ಮುಟ್ಟಿ ಗುರುತಿಸುವುದು, ರಂಪಿಗೆಯನ್ನು ಮಸೆಯುವುದು, ನೇರವಾಗಿ ಕತ್ತರಿಸುವುದು ಇಷ್ಟಕ್ಕೇ ಒಂದು ವಾರ ಬೇಕು. ಬಳಿಕ ಕನ್ನಡಕದ ಚೀಲ, ಪುಸ್ತಕದ ಹೊದಿಕೆ, ಸೊಂಟಪಟ್ಟಿ ಇಂಥ ಸರಳ ವಸ್ತುಗಳು. ಇವುಗಳನ್ನು ಹೊಲಿಯುವಾಗ ಒಂದೇ ದಾರದ ಎರಡು ತುದಿಗಳಿಗೆ ಎರಡು ಸೂಜಿ ಪೋಣಿಸಿ, ಪ್ರತಿಯೊಂದು ತೂತಿನಲ್ಲಿಯೂ ಎರಡೂ ಕಡೆಯಿಂದ ಹಾಯಿಸುವ ಕ್ರಮವನ್ನು ಕಲಿಯಬೇಕು. ಒಂದು ಕಡೆ ದಾರ ಹರಿದರೂ ಇನ್ನೊಂದು ಎಳೆ ಹಿಡಿದಿರುತ್ತದೆ. ಯಂತ್ರದ ಹೊಲಿಗೆ ಒಂದೆಡೆ ಕಡಿದರೆ ಉದ್ದಕ್ಕೂ ಬಿಚ್ಚಿಕೊಳ್ಳುವ ಭಯವುಂಟು. ಬಾರು ಹೆಣೆಯುವುದು ಆಮೇಲೆ, ಅಟ್ಟೆ ಕೂಡಿಸುವುದು ಎಲ್ಲಕ್ಕಿಂತ ಕೊನೆಗೆ.

ಕಲಿಯಲು ಅವಕಾಶವಿಲ್ಲದ ಗೃಹಸ್ಥರು ಕೊಳ್ಳುವಾಗಲಾದರೂ ಪರೀಕ್ಷಿಸಿ ಕೊಳ್ಳಲಿ. ಮೊಳೆಯಿಲ್ಲದೆ ತೊಗಲಿನ ದಾರದಿಂದ ಹೊಲಿದುದೇ, ಅಟ್ಟೆಯ ಅಂಚಿನಲ್ಲಿ ಪದರಗಳು ಕಾಣುತ್ತವೆಯೇ, ತೊಗಟೆಯ ಮಣ್ಣುವಾಸನೆ ಇದೆಯೇ ಎಂದು ನೋಡಬೇಕು. ಹೊಸ ಚಪ್ಪಲಿ ಕೆಲವು ದಿನ ಕಚ್ಚುತ್ತದೆ. ಒಳಬದಿಗೆ ತುಸು ಎಣ್ಣೆ ಸವರಿ, ಮೊದಲು ಮನೆಯೊಳಗೆ ಸ್ವಲ್ಪ ಹೊತ್ತು ಮೆಟ್ಟಿ ಪಳಗಿಸಬೇಕು. ಮಳೆಗಾಲದಲ್ಲಿ ಒರೆಸಿ, ಒಣಗಿಸಿ, ಎತ್ತಿಡಬೇಕು. ನೆನೆದರೆ ನೆರಳಿನಲ್ಲಿ ಆರಿಸಬೇಕೇ ಹೊರತು ಬಿಸಿಲಿಗೆ, ಬೆಂಕಿಗೆ ಹಿಡಿಯಬಾರದು. ಸವೆದರೆ ಬಿಸಾಡದೆ ಮಾಡಿದವರ ಬಳಿಗೇ ಕೊಂಡೊಯ್ದು ದುರಸ್ತಿ ಮಾಡಿಸಬೇಕು. ಆ ನೆಪದಿಂದ ವರ್ಷಕ್ಕೊಮ್ಮೆಯಾದರೂ ಅವರ ಮನೆಯ ಯೋಗಕ್ಷೇಮ ನಮಗೆ ತಿಳಿಯುತ್ತದೆ.

ನಮ್ಮ ಮಠಗಳ ಪ್ರಸಾದನಿಲಯಗಳಲ್ಲಿ ನೂರಾರು ವಿದ್ಯಾರ್ಥಿಗಳು ಓದುತ್ತಿದ್ದಾರೆ. ಬೇಸಿಗೆಯ ರಜೆಯಲ್ಲಿ ಸಂಗೀತ, ಯೋಗ, ವಚನ ಕಂಠಪಾಠಗಳ ಶಿಬಿರಗಳು ನಡೆಯುತ್ತವೆ. ಅವುಗಳೊಡನೆ ಹದಿನೈದು ದಿನಗಳ ಚರ್ಮ ಕಾಯಕದ ಶಿಬಿರವೂ ನಡೆಯಲಿ. ಅಥಣಿಯಿಂದಲೋ ನಿಪ್ಪಾಣಿಯಿಂದಲೋ ಒಂದು ಕುಟುಂಬವನ್ನು, ಗಂಡಹೆಂಡಿರಿಬ್ಬರನ್ನೂ ಗುರುಸ್ಥಾನದಲ್ಲಿ ಬರಮಾಡಿಕೊಳ್ಳಲಿ. ಪ್ರವಚನಕಾರರಿಗೆ ಸಲ್ಲುವ ಗೌರವಧನ, ಪ್ರವಚನಕಾರರಿಗೆ ಹಾಕುವ ಆಸನ ಅವರಿಗೂ ಸಲ್ಲಲಿ. ಪ್ರಸಾದದ ಪಂಕ್ತಿಯಲ್ಲಿ ಶ್ರೀಗಳ ಪಕ್ಕದಲ್ಲಿ ಅವರು ಕುಳಿತುಕೊಳ್ಳಲಿ. ಶಿಬಿರದ ಕೊನೆಗೆ ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಕೈಯಾರೆ ಹೊಲಿದ ಒಂದು ವಸ್ತುವನ್ನು ಮನೆಗೆ ಕೊಂಡೊಯ್ಯಲಿ. ಹೊಲಿಗೆ ಸೊಟ್ಟಗಿದ್ದರೂ ಚಿಂತೆಯಿಲ್ಲ.

ಅದನ್ನು ಕಂಡ ತಾಯಿ, 'ಇದನ್ನು ನಿನಗೆ ಕಲಿಸಿದವರು ಯಾರಪ್ಪಾ?' ಎಂದು ಕೇಳುತ್ತಾಳೆ. ಆಗ ಆ ಮಗು ಗುರುಗಳ ಹೆಸರನ್ನು ಗೌರವದಿಂದ, ಬಹುವಚನದಲ್ಲಿ ಹೇಳಲಿ. ಆ ಹೆಸರು ನಮ್ಮ ಮನೆಗಳಲ್ಲಿ ಹಾಗೆ ಕೇಳಿಬರುವುದನ್ನು ನಾವು ಎದುರುನೋಡುತ್ತಿದ್ದೇವೆ.